ಪ್ರಶ್ನೆಪತ್ರಿಕೆಯ ಕಪ್ಪು ಸೊನ್ನೆಗಳು

ಪ್ರಶ್ನೆ: ಎಪ್ಪತ್ತರ ದಶಕದಲ್ಲಿ ಸಕಲೇಶಪುರದ ನಮ್ಮ ಪ್ರೌಢಶಾಲೆಯಲ್ಲಿ ಪ್ರಶ್ನೆಪತ್ರಿಕೆಗಳನ್ನು ಸೈಕ್ಲೋಸ್ಟೈಲ್ ಮಾಡಿ ಕೊಡುತ್ತಿದ್ದರು. ಅವುಗಳಲ್ಲಿ ಸೊನ್ನೆಗಳು ಕಪ್ಪು ಚುಕ್ಕೆಗಳಾಗಿ ಕಾಣುತ್ತಿದ್ದುದೇಕೆ?
— ನಿವೃತ್ತ ಶಿಕ್ಷಕಿ, ಹಾಸನ

ಉತ್ತರ: ಸೈಕ್ಲೋಸ್ಟೈಲ್ ಎಂದರೆ ಸ್ಟೆನ್ಸಿಲ್ ಹಾಳೆಯ ಮೂಲಕ ಶಾಯಿ ಇಳಿಸಿ ಹಲವು ಪ್ರತಿ ತೆಗೆಯುವ ವಿಧಾನ. ದೋಷವಿದ್ದುದು ಶಾಯಿಯಲ್ಲಲ್ಲ, ಆ ಹಾಳೆಯಲ್ಲಿ. ಮೇಣದಂಥ ಲೇಪವಿದ್ದ ಆ ತೆಳು ಹಾಳೆಯನ್ನು ಬೆರಳಚ್ಚು ಯಂತ್ರಕ್ಕೆ ಸಿಕ್ಕಿಸಿ, ರಿಬ್ಬನ್ ತಾಗದಂತೆ ಮಾಡಿ ಟೈಪು ಮಾಡಿದರೆ, ಅಕ್ಷರ ಬಡಿದಲ್ಲೆಲ್ಲ ಲೇಪ ಸರಿಯುತ್ತಿತ್ತು; ಹಾಳೆಯನ್ನು ಸೈಕ್ಲೋಸ್ಟೈಲ್ ಯಂತ್ರದ ಉರುಳೆಗೆ ಸುತ್ತಿದಾಗ ಅದರೊಳಗಿನ ಶಾಯಿ ಆ ಸಂದುಗಳ ಮೂಲಕವೇ ಕಾಗದಕ್ಕೆ ಇಳಿಯುತ್ತಿತ್ತು. ಬಡಿತ ಜೋರಾದರೆ ಸೊನ್ನೆಯ ನಡುವಿನ ಚೂರೇ ಕತ್ತರಿಸಿ ಉದುರಿ, ಅಲ್ಲಿ ಶಾಯಿ ತುಂಬಿಕೊಳ್ಳುತ್ತಿತ್ತು; ಗಣಿತದ ಪತ್ರಿಕೆಗೆ ಇದು ಸಣ್ಣ ತೊಂದರೆಯೇನಲ್ಲ! ತಪ್ಪಾದ ಅಕ್ಷರದ ಮೇಲೆ ತಿದ್ದುವ ದ್ರವವನ್ನು ಪುಟ್ಟ ಕುಂಚದಿಂದ ಸವರಿ, ಒಣಗಿದ ಮೇಲೆ ಮತ್ತೆ ಟೈಪು ಮಾಡಬೇಕಿತ್ತು. ಕನ್ನಡ ಟೈಪು ಯಂತ್ರವಿಲ್ಲದ ಕಡೆ ಮೊನಚಾದ ಉಕ್ಕಿನ ಲೇಖನಿಯಿಂದ ಕೈಯಲ್ಲೇ ಗೀರಿ ಬರೆಯಬಹುದಿತ್ತು. ಹಂಗೇರಿ ಮೂಲದ ಡೇವಿಡ್ ಗೆಸ್ಟೆಟ್ನರ್ ಲಂಡನ್ನಿನಲ್ಲಿ 1881ರ ಹೊತ್ತಿಗೆ ರೂಪಿಸಿದ, ತುದಿಯಲ್ಲಿ ಪುಟ್ಟ ಚಕ್ರವಿದ್ದ ಲೇಖನಿಯ ಕೆಲಸವೂ ಹೀಗೆ ಸ್ಟೆನ್ಸಿಲ್ ಕೊರೆಯುವುದೇ ಆಗಿತ್ತು. ಕೈಹಿಡಿಕೆ ತಿರುಗಿಸುವ ಸೈಕ್ಲೋಸ್ಟೈಲ್ ಯಂತ್ರಕ್ಕೆ ವಿದ್ಯುತ್ತು ಬೇಕಿರಲಿಲ್ಲವಾದ್ದರಿಂದ, ಮಳೆಗಾಲದಲ್ಲಿ ಕರೆಂಟು ಕೈಕೊಡುವ ಮಲೆನಾಡಿನ ಶಾಲೆಗೆ ಅದಕ್ಕಿಂತ ಒಳ್ಳೆಯ ಯಂತ್ರ ಆಗ ಇರಲಿಲ್ಲವೆಂದೇ ನಮ್ಮ ಅನಿಸಿಕೆ. ಜೆರಾಕ್ಸ್ ಅಗ್ಗವಾದ ಮೇಲಷ್ಟೇ ಅದು ಮೂಲೆ ಸೇರಿತು.