ಸಿಗ್ನಲ್‌ನಲ್ಲಿ ನಿಂತರೆ ಕಾರಿನ ಎಸಿ ಬಿಸಿ ಗಾಳಿ, ಹೈವೇಲಿ ತಣ್ಣಗೆ. ಎರಡು ಕ್ಯಾನ್ ಗ್ಯಾಸ್ ಹಾಕಿದ್ದಾಯ್ತು, ಮೂರನೇದು ಹಾಕಲಾ?

ಬೇಡ. ಆ ಕ್ಯಾನ್ ಅಂಗಡಿಗೆ ವಾಪಸ್ ಕೊಡಿ. ನೀವು ಹೇಳಿರೋ ಲಕ್ಷಣಕ್ಕೆ ಗ್ಯಾಸಿಗಿಂತ ಮೊದಲು ಅನುಮಾನ ಪಡಬೇಕಾದ್ದು ಬಾನೆಟ್ ಒಳಗಿನ ಫ್ಯಾನ್ ಮೇಲೆ. ಎಸಿಯ ಬಿಸಿಯನ್ನ ಹೊರಗೆ ಹಾಕೋ ಕಂಡೆನ್ಸರ್‌ಗೆ ಗಾಳಿ ಕೊಡೋದು ಅದೇ; ಹೈವೇಲಿ ಓಡುವಾಗ ಎದುರು ಗಾಳಿಯೇ ಆ ಕೆಲಸ ಮಾಡುತ್ತೆ.

ಡಲ್ಲಾಸ್‌ನಲ್ಲಿದ್ದಾಗ ನನ್ನ ಹಳೇ ಸೆಡಾನ್‌ದೂ ಇದೇ ಕಥೆ. ಆಗಸ್ಟ್ ತಿಂಗಳು, ಹೊರಗೆ 105 ಡಿಗ್ರಿ ಫ್ಯಾರನ್‌ಹೀಟ್. ಊರಲ್ಲಾಗಿದ್ರೆ ಗ್ಯಾರೇಜ್ ಹುಡುಗನ ಕೈಗೆ ಕೀ ಕೊಟ್ಟು ಟೀ ಕುಡಿಯೋಕೆ ಹೋಗ್ತಿದ್ದೆ. ಅಮೆರಿಕದಲ್ಲಿ ಲೇಬರ್ ಚಾರ್ಜ್ ಕೇಳಿದ ಮೇಲೆ ನಾನೇ ಮೆಕ್ಯಾನಿಕ್ ಆದೆ. ಆರ್-134ಎ ಅನ್ನೋ ಎಸಿ ಗ್ಯಾಸಿನ ಕ್ಯಾನ್ ಅಲ್ಲಿ ಲೈಸೆನ್ಸ್ ಇಲ್ಲದೇನೇ ಸಿಗುತ್ತಲ್ಲ, ಪೈಪು, ಬಣ್ಣದ ಗೇಜು ಎಲ್ಲಾ ಸೇರಿಸಿ.

ಲೋ ಸೈಡ್‌ಗೆ, ಅಂದ್ರೆ ಒತ್ತಡ ಕಮ್ಮಿ ಇರೋ ಕಡೆಗೆ, ಪೈಪ್ ಸಿಕ್ಕಿಸಿ ಎಸಿ ಹಾಕಿದೆ. ಗ್ಯಾಸ್ ಒತ್ತೋ ಕಂಪ್ರೆಸರನ್ನ ಇಂಜಿನ್‌ಗೆ ಜೋಡಿಸೋ ಕ್ಲಚ್ ಟಕ್ ಅಂತ ಹಿಡಿಯೋದು, ಸ್ವಲ್ಪ ಹೊತ್ತಿಗೆ ಟಕ್ ಅಂತ ಬಿಡೋದು. ಗ್ಯಾಸ್ ಕಮ್ಮಿ ಇದ್ರೆ ಹೀಗೇ ಆಗುತ್ತೆ ಅಂತ ಎಲ್ಲೋ ಓದಿದ್ದೆ. ಅದೇನೋ ನಿಜ. ಆದ್ರೆ ಗ್ಯಾಸ್ ಕಮ್ಮಿ ಇದ್ದು ಕ್ಲಚ್ ಬಿಡೋದಾದ್ರೆ, ಬಿಡೋ ಕ್ಷಣಕ್ಕೆ ಗೇಜಿನ ಮುಳ್ಳು 25 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸಿಗೆ ಇಳಿದಿರಬೇಕು. ನನ್ನದು 50 ದಾಟಿದ್ದಾಗಲೇ ಬಿಡ್ತಿತ್ತು. ಅಂದ್ರೆ ಕಂಪ್ರೆಸರನ್ನ ನಿಲ್ಲಿಸ್ತಿದ್ದದ್ದು ಇನ್ನೊಂದು ಕಡೆಯ, ಒತ್ತಡ ಜಾಸ್ತಿ ಇರೋ ಹೈ ಸೈಡಿನ, ಹೈ ಪ್ರೆಷರ್ ಸ್ವಿಚ್. ಕ್ಯಾನ್ ಜೊತೆ ಬರೋ ಗೇಜಿಗೆ ಆ ಕಡೆ ಕಾಣೋದೇ ಇಲ್ಲ. ಫ್ಯಾನ್ ಸುಟ್ಟು ಹೋಗಿತ್ತು, ಕಂಡೆನ್ಸರ್ ಬಿಸಿ ಹೊರಗೆ ಹಾಕೋಕೆ ಆಗದೆ ಒತ್ತಡ ಏರ್ತಿತ್ತು, ಸ್ವಿಚ್ ಕಟ್ ಮಾಡ್ತಿತ್ತು, ಒಳಗೆ ಬಿಸಿ ಗಾಳಿ. ಬಿಸಿ ಗಾಳಿ ಅಂತ ನಾನು ಇನ್ನಷ್ಟು ಗ್ಯಾಸ್ ಬಿಟ್ಟೆ. ಒತ್ತಡ ಇನ್ನೂ ಏರ್ತು, ಇನ್ನೂ ಬೇಗ ಕಟ್ ಆಯ್ತು. ಮುಳ್ಳು ಕೆಂಪಿಗೆ ಹೋದಾಗ, ಅಗ್ಗದ ಗೇಜು ಏನೋ ತೋರಿಸುತ್ತೆ ಬಿಡು ಅಂದ್ಕೊಂಡೆ!

ಬಾನೆಟ್ ಕೆಳಗಿನ ಸ್ಟಿಕ್ಕರ್ ಓದಿದ್ರೂ ಸಾಕಿತ್ತು. ಆ ಗಾಡಿಗೆ ಹಿಡಿಯೋ ಗ್ಯಾಸೇ ಅರ್ಧ ಕೇಜಿ ಒಳಗೆ, ಒಂದು ಕ್ಯಾನ್‌ನಲ್ಲೇ 340 ಗ್ರಾಂ ಇತ್ತು. ಗೇಜು ಒತ್ತಡ ಹೇಳುತ್ತೆ, ತೂಕ ಹೇಳಲ್ಲ. ಇಂಜಿನ್ ಆಫ್ ಮಾಡಿ ನೋಡಿದ್ರಂತೂ 35 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 115 ಪಿಎಸ್‌ಐ. ಅರ್ಧ ತುಂಬಿರ್ಲಿ, ಪೂರ್ತಿ ತುಂಬಿರ್ಲಿ, ಅದೇ ನಂಬರ್.

ಕೊನೆಗೆ ಒತ್ತಡ ಮಿತಿ ಮೀರಿದ್ರೆ ತೆರೆದುಕೊಳ್ಳೋ ರಿಲೀಫ್ ವಾಲ್ವ್ ಬುಸ್ ಅಂತ ಎಣ್ಣೆ ಸಮೇತ ಉಗುಳಿತು. ಮುಂದೆ ಕಂಪ್ರೆಸರೇ ಜಾಮ್ ಆಗಿ, ಅದರ ಪುಡಿ ಲೈನೆಲ್ಲಾ ಸೇರಿ, ಕಂಡೆನ್ಸರ್, ತೇವ ಹೀರೋ ಡ್ರೈಯರ್ ಎಲ್ಲಾ ಹೊಸದು. ಸಾವಿರ ಡಾಲರ್ ಮೇಲೆ ಹೋಯ್ತು. ಆ ಫ್ಯಾನ್ ಮೋಟರ್‌ಗೆ ಅದರ ಹತ್ತನೇ ಒಂದು ಭಾಗವೂ ಆಗ್ತಿರಲಿಲ್ಲ.

ನೀವೀಗ ಎಸಿ ಹಾಕಿ, ಬಾನೆಟ್ ಎತ್ತಿ ನೋಡಿ. ಫ್ಯಾನ್ ತಿರುಗ್ತಿಲ್ವಾ? ಫ್ಯೂಸ್ ನೋಡಿ, ಅದೇ ಬಾಕ್ಸ್‌ನಲ್ಲಿರೋ ಅದೇ ನಂಬರಿನ ಇನ್ನೊಂದು ರಿಲೇನ (ಫ್ಯಾನ್‌ಗೆ ಕರೆಂಟ್ ಕೊಡೋ ಸ್ವಿಚ್) ಅದರ ಜಾಗಕ್ಕೆ ಹಾಕಿ ನೋಡಿ. ತಿರುಗ್ತಿದ್ರೂ ಕಂಡೆನ್ಸರ್ ಮೇಲೆ ಪೈಪಲ್ಲಿ ನೀರು ಬಿಡಿ. ಆಗ ಒಳಗೆ ತಣ್ಣಗಾದ್ರೆ ತೊಂದರೆ ಇರೋದು ಬಿಸಿ ಹೊರಗೆ ಹೋಗೋದ್ರಲ್ಲಿ: ಫ್ಯಾನ್ ನಿಧಾನ, ಕಂಡೆನ್ಸರ್ ರೆಕ್ಕೆಗಳಲ್ಲಿ (ಫಿನ್ಸ್) ಕಟ್ಟಿರೋ ಕಸ, ಇಲ್ಲಾ ಗ್ಯಾಸೇ ಜಾಸ್ತಿ. ಎರಡು ಕ್ಯಾನ್ ಹಾಕಿದ್ದೀರಲ್ಲ, ಫ್ಯಾನ್ ಸರಿಯಾಗಿ ತಿರುಗ್ತಿದ್ರೆ ನನಗೆ ಗ್ಯಾಸ್ ಜಾಸ್ತಿ ಆಗಿರೋದರ ಮೇಲೇ ಅನುಮಾನ. ಹಾಗಂತ ವಾಲ್ವ್ ಒತ್ತಿ ಗಾಳಿಗೆ ಬಿಡಬೇಡಿ, ಅಮೆರಿಕದಲ್ಲಿ ಅದು ಕಾನೂನಿಗೆ ವಿರುದ್ಧ. ಗ್ಯಾಸ್ ಹೀರಿ ತೆಗೆಯೋ ರಿಕವರಿ ಮೆಷಿನ್ ಇರೋ ಕಡೆ ಪೂರ್ತಿ ತೆಗೆಸಿ, ವ್ಯಾಕ್ಯೂಮ್ ಮಾಡಿಸಿ, ತೂಕ ಹಾಕಿ ತುಂಬಿಸಿ. ನೀವು ಹಾಕಿದ ಕ್ಯಾನ್ ಮೇಲೆ 'ಸ್ಟಾಪ್ ಲೀಕ್' (ಸೋರಿಕೆ ಮುಚ್ಚೋ ಅಂಟು ಸೇರಿಸಿದ ಗ್ಯಾಸ್) ಅಂತಿದ್ರೆ ಮೆಷಿನ್ ಸಿಕ್ಕಿಸೋ ಮೊದಲೇ ಹೇಳಿಬಿಡಿ. ಆ ಅಂಟು ಅವರ ಮೆಷಿನ್ನೇ ಕೆಡಿಸುತ್ತೆ, ಎಷ್ಟೋ ಜನ ಅಂಥ ಗಾಡಿ ಮುಟ್ಟೋದೂ ಇಲ್ಲ.