ಹಳೆ ಟ್ರಕ್ಕಿನ ಬಾಲ್ ಜಾಯಿಂಟ್ ಮನೆಯಲ್ಲೇ ಬದಲಿಸಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನಾನು ತುಮಕೂರಿನ ಕಡೆಯವನು, ಈಗ ಅಮೆರಿಕದ ಮಿಷಿಗನ್‌ನಲ್ಲಿದ್ದೇನೆ. ಸೌದೆ ತರಲು, ಟ್ರೇಲರ್ ಎಳೆಯಲು ಅಂತ 2001ರ ಫೋರ್ಡ್ ಎಫ್-250 ಫೋರ್ ವೀಲ್ ಡ್ರೈವ್ ಡೀಸೆಲ್ ಟ್ರಕ್ ಕೊಂಡೆ. ಸ್ಟೀರಿಂಗ್ ನೇರ ನಿಲ್ಲುವುದಿಲ್ಲ, ಗುಂಡಿಗೆ ಇಳಿದರೆ ಮುಂದೆ ಟಕ್ ಅನ್ನುತ್ತದೆ, ಬಲಗಡೆ ಟೈರಿನ ಒಳ ಅಂಚು ಸವೆದಿದೆ. ನಾಲ್ಕೂ ಬಾಲ್ ಜಾಯಿಂಟ್, ಅಂದರೆ ಮುಂದಿನ ಚಕ್ರ ತಿರುಗುವ ಕೀಲುಗಳು, ಹೋಗಿವೆ ಅಂತ ಗ್ಯಾರೇಜಿನವರು ಹೇಳುತ್ತಾರೆ. ಅವರು ಕೇಳುವ ಕೂಲಿ ನನ್ನ ಕೈಗೆ ಎಟುಕುವುದಿಲ್ಲ. ಬ್ರೇಕ್ ಪ್ಯಾಡ್, ಡಿಸ್ಕ್ ನಾನೇ ಬದಲಿಸಿಕೊಳ್ಳುತ್ತೇನೆ. ಇದನ್ನೂ ಮನೆ ಮುಂದೆ ಮಾಡಬಹುದಾ?

ಉತ್ತರ: ಮಾಡಬಹುದು. ಬ್ರೇಕ್ ಕೆಲಸ ಬರುವವರಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ಆದರೆ ತೂಕ ಜಾಸ್ತಿ, ತುಕ್ಕು ಅದಕ್ಕಿಂತ ಜಾಸ್ತಿ. ಗಟ್ಟಿ ಕಾಂಕ್ರೀಟ್ ನೆಲ, ಎರಡು ದಿನದ ಬಿಡುವು, ಅಷ್ಟರಲ್ಲಿ ಓಡಾಡಲು ಇನ್ನೊಂದು ಗಾಡಿ ಇರಬೇಕು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಗ್ಯಾರೇಜಿಗೇ ಕೊಡಿ. ಅರ್ಧ ಬಿಚ್ಚಿದ ಗಾಡಿ ಪಕ್ಕದಲ್ಲಿದ್ದು, ಸೋಮವಾರ ಕೆಲಸಕ್ಕೆ ಹೋಗಲೇಬೇಕು ಅನ್ನುವಾಗಲೇ ಜನ ಅವಸರ ಮಾಡುತ್ತಾರೆ. ಈ ಕೆಲಸಕ್ಕೆ ಅವಸರ ಆಗುವುದಿಲ್ಲ.

ಇನ್ನೊಂದು ಮಾತು. ಅಲ್ಲಾಡಿಸಿ ನೋಡದೆ ಪಾರ್ಟ್ ತರಬೇಡಿ. ನೀವು ಬರೆದ ಲಕ್ಷಣಗಳು ಬಾಲ್ ಜಾಯಿಂಟಿನಿಂದ ಬರುತ್ತವೆ, ನಿಜ. ಸ್ಟೀರಿಂಗ್‌ನಿಂದ ಚಕ್ರ ತಿರುಗಿಸುವ ಸರಳು ಟೈರಾಡ್, ಅದರ ಎಂಡಿನಿಂದ, ವೀಲ್ ಬೇರಿಂಗಿನಿಂದಲೂ ಹೆಚ್ಚುಕಡಿಮೆ ಇವೇ ಬರುತ್ತವೆ. ನೋಡುವುದು ಹೀಗೆ. ಹಿಂದಿನ ಚಕ್ರಗಳಿಗೆ ಅಡೆ ಕೊಡಿ. ಮುಂದೆ ಆಕ್ಸಲ್ ಕೆಳಗೆ ಜಾಕ್ ಇಟ್ಟು ಎತ್ತಿ, ಸ್ಟ್ಯಾಂಡ್ ಕೊಡಿ. ಟೈರು ನೆಲದಿಂದ ಬಿಟ್ಟಿರಬೇಕು. ಟೈರಿನ ಮೇಲೆ ಕೆಳಗೆ ಕೈ ಹಿಡಿದು ಒಳಕ್ಕೆ ಹೊರಕ್ಕೆ ಆಡಿಸಿ. ಆಮೇಲೆ ಎಡ ಬಲ ಹಿಡಿದು ಆಡಿಸಿ. ಎಡ ಬಲದಲ್ಲಿ ಮಾತ್ರ ಆಟ ಇದ್ದರೆ ಮೊದಲು ಟೈರಾಡ್ ನೋಡಿ. ಮೇಲೆ ಕೆಳಗೆ ಆಟ ಇದ್ದರೆ ಮನೆಯವರು ಯಾರಾದರೂ ಬ್ರೇಕ್ ತುಳಿದು ಹಿಡಿಯಲಿ, ನೀವು ಮತ್ತೆ ಆಡಿಸಿ. ಬ್ರೇಕ್ ಹಿಡಿದಾಗ ಆಟ ನಿಂತರೆ ಅದು ವೀಲ್ ಬೇರಿಂಗ್. ಆಗಲೂ ಇದ್ದರೆ ಬಾಲ್ ಜಾಯಿಂಟ್. ಕೊನೆಗೆ ಟೈರಿನ ಅಡಿಗೆ ಉದ್ದನೆ ಸಬ್ಬಲ್ ತೂರಿಸಿ ಮೇಲಕ್ಕೆ ಮೀಟಿ. ಒಬ್ಬರು ಮೀಟುವಾಗ ಇನ್ನೊಬ್ಬರು ಟಾರ್ಚ್ ಹಿಡಿದು ಆಕ್ಸಲ್ ತುದಿಯನ್ನೇ ನೋಡುತ್ತಿರಲಿ. ಜಾಯಿಂಟು ಸವೆದಿದ್ದರೆ ಅಲ್ಲಿ ಚಲನೆ ಕಣ್ಣಿಗೇ ಕಾಣುತ್ತದೆ. ಹಾಗೆ ಕಂಡರೆ ಕೆಲಸ ಮುಗಿಯುವವರೆಗೆ ಟ್ರೇಲರ್ ಕಟ್ಟಬೇಡಿ, ಹೈವೇಗೂ ಹೋಗಬೇಡಿ.

ಈ ಆಕ್ಸಲ್ ಬಗ್ಗೆ ಸ್ವಲ್ಪ ಹೇಳುತ್ತೇನೆ. ಆಗ ಬಿಚ್ಚುವಾಗ ಗೊಂದಲ ಆಗುವುದಿಲ್ಲ. ನಿಮ್ಮ ಟ್ರಕ್ಕಿನ ಮುಂದೆ ಈ ತುದಿಯಿಂದ ಆ ತುದಿಗೆ ಒಂದೇ ಗಟ್ಟಿ ಆಕ್ಸಲ್ ಇದೆ, ಡಾನಾ ಕಂಪನಿಯದು. ಎರಡೂ ತುದಿಯಲ್ಲಿ ಇಂಗ್ಲಿಷ್ ಸಿ ಅಕ್ಷರದ ಆಕಾರದ ಯೋಕ್ ಇರುತ್ತದೆ. ಅದರ ಬಾಯಿಗೆ ನಕಲ್ (knuckle), ಅಂದರೆ ಸ್ಟೀರಿಂಗ್ ಜೊತೆ ತಿರುಗುವ ಭಾಗ, ಸೇರಿಕೊಂಡಿರುತ್ತದೆ. ನಕಲ್‌ಗೆ ಹಬ್, ಹಬ್ಬಿಗೆ ಚಕ್ರ. ನಕಲ್‌ನ ಮೇಲೊಂದು ಕೆಳಗೊಂದು ಬಾಲ್ ಜಾಯಿಂಟ್, ನಮ್ಮ ಭುಜದ ಕೀಲಿನ ಹಾಗೆ, ಗುಂಡಿಯೊಳಗೆ ಗುಂಡು. ಭಾರ ಹೊರುವುದು ಹೆಚ್ಚಾಗಿ ಕೆಳಗಿನದು. ನಿಮ್ಮದು ಡೀಸೆಲ್ ಅಂದಿರಿ, ಅಂದರೆ 7.3 ಲೀಟರ್ ಪವರ್ ಸ್ಟ್ರೋಕ್. ಒಳ್ಳೆ ಗಟ್ಟಿ ಎಂಜಿನ್. ಆದರೆ ಅದರ ತೂಕವೆಲ್ಲ ಮುಂದಿನ ಆಕ್ಸಲ್ ಮೇಲೇ ಕೂತಿದೆ. ಜೊತೆಗೆ ಮಿಷಿಗನ್ ಚಳಿಗಾಲದ ರಸ್ತೆ ಉಪ್ಪು. ನಿಮ್ಮ ರಾಜ್ಯದ ಡೆಟ್ರಾಯಿಟ್ ಊರಿನ ಕೆಳಗೇ 1,100 ಅಡಿಗೂ ಆಳದಲ್ಲಿ ಉಪ್ಪಿನ ಗಣಿ ಇದೆ, ರಸ್ತೆಗೆ ಸುರಿಯುವ ಉಪ್ಪನ್ನು ಅಲ್ಲೇ ತೆಗೆಯುತ್ತಾರೆ. ನಾನು ಹುಬ್ಬಳ್ಳಿಯಲ್ಲಿ ಕೆಲಸ ಕಲಿತು ಅಲ್ಲಿಗೆ ಬಂದ ಹೊಸದರಲ್ಲಿ ಗಾಡಿಗಳ ಅಡಿ ನೋಡಿ ದಂಗಾಗಿದ್ದೆ. ನಮ್ಮಲ್ಲಿ ಮೂವತ್ತು ವರ್ಷದ ಲಾರಿಗೂ ಅಂಥ ತುಕ್ಕು ಹಿಡಿಯುವುದಿಲ್ಲ.

ಅದಕ್ಕೇ ಕೆಲಸ ಶುರುವಾಗುವುದು ಹಿಂದಿನ ರಾತ್ರಿ. ಬಿಚ್ಚಬೇಕಾದ ಎಲ್ಲ ನಟ್ಟಿಗೂ, ಹಬ್ಬು ನಕಲ್‌ಗೆ ಕೂರುವ ಸಂದಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಡಿ. ಬೆಳಿಗ್ಗೆ ಇನ್ನೊಮ್ಮೆ ಹೊಡೆಯಿರಿ. ಹೊಸ ಬಾಲ್ ಜಾಯಿಂಟುಗಳನ್ನು ಅದೇ ರಾತ್ರಿ ಫ್ರೀಜರಿಗೆ ಹಾಕಿ. ಜನವರಿಯಾದರೆ ಬಾಗಿಲಾಚೆ ಇಟ್ಟರೂ ಸಾಕು. ಲೋಹ ತಣ್ಣಗಾದಷ್ಟೂ ಕೂದಲಿನಷ್ಟು ಕುಗ್ಗುತ್ತದೆ, ಕೂರಿಸುವಾಗ ಆ ಕೂದಲೇ ಸಹಾಯ ಮಾಡುತ್ತದೆ.

ಜಾಯಿಂಟನ್ನು ಒತ್ತಿ ಹೊರಡಿಸಲು, ಕೂರಿಸಲು ಪ್ರೆಸ್ ಬೇಕು, ಆದರೆ ಕೊಳ್ಳುವುದು ಬೇಡ. ಆಟೋಜೋನ್‌ನಂಥ ಬಿಡಿಭಾಗದ ಅಂಗಡಿಗಳಲ್ಲಿ ಬಾಲ್ ಜಾಯಿಂಟ್ ಪ್ರೆಸ್ ಎರವಲು ಕೊಡುತ್ತಾರೆ. ಠೇವಣಿ ಕಟ್ಟಿ ತನ್ನಿ, ವಾಪಸ್ ಕೊಟ್ಟಾಗ ದುಡ್ಡು ಪೂರ್ತಿ ಸಿಗುತ್ತದೆ. ಸಿ ಆಕಾರದ ದಪ್ಪ ಕಬ್ಬಿಣ, ನಡುವೆ ಒಂದು ಸ್ಕ್ರೂ, ಜೊತೆಗೆ ಬೇರೆ ಬೇರೆ ಅಳತೆಯ ಕಪ್‌ಗಳು. ತಂದ ಕೂಡಲೇ ಸ್ಕ್ರೂ ಒರೆಸಿ ಗ್ರೀಸ್ ಹಚ್ಚಿ. ಒಣ ಸ್ಕ್ರೂ ಮೇಲೆ ಬಲ ಹಾಕಿದರೆ ಅದರ ಮರೆ, ಅಂದರೆ ಸುತ್ತುಗೆರೆ, ಹಾಳಾಗುತ್ತದೆ.

ಒಂದು ಸಲಕ್ಕೆ ಒಂದೇ ಕಡೆ ಬಿಚ್ಚಿ. ಜೋಡಿಸುವಾಗ ಅನುಮಾನ ಬಂದರೆ ಇನ್ನೊಂದು ಕಡೆ ನೋಡಿಕೊಳ್ಳಬಹುದು. ಚಕ್ರ ತೆಗೆಯಿರಿ. ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ನೇತುಹಾಕಿ, ಬ್ರೇಕ್ ಪೈಪಿನ ಮೇಲೆ ಭಾರ ಬಿಡಬೇಡಿ. ಡಿಸ್ಕ್, ಫೋರ್ ವೀಲ್‌ಗೆ ಹಬ್ಬನ್ನು ಆಕ್ಸಲ್ ಶಾಫ್ಟಿಗೆ ಸೇರಿಸುವ ಹಬ್ ಲಾಕ್, ಒಳಗಿನ ಸರ್ಕ್ಲಿಪ್ (ಹಿಡಿದಿಡುವ ಸ್ಪ್ರಿಂಗ್ ಉಂಗುರ) ತೆಗೆಯಿರಿ. ಎಬಿಎಸ್ ವೈರ್ ಎಲ್ಲೆಲ್ಲಿ ಸಿಕ್ಕಿಸಿದ್ದಾರೋ ಅಲ್ಲೆಲ್ಲ ಬಿಡಿಸಿಕೊಳ್ಳಿ. ಹಬ್ಬನ್ನು ನಕಲ್ ಹಿಂದಿನಿಂದ ನಾಲ್ಕು ನಟ್ಟು ಹಿಡಿದಿರುತ್ತವೆ. ನಿಮ್ಮ ಅರ್ಧ ದಿನ ತಿನ್ನುವುದು ಈ ಹಬ್ಬೇ. ನಟ್ಟುಗಳನ್ನು ಪೂರ್ತಿ ತೆಗೆಯದೆ ತುದಿಯವರೆಗೆ ಸಡಿಲಿಸಿ. ನಟ್ಟಿನ ಮೇಲೆ ಹಳೆ ಸಾಕೆಟ್ ಇಟ್ಟು, ನಾಲ್ಕೂ ಕಡೆ ಸರದಿಯಲ್ಲಿ ಸುತ್ತಿಗೆಯಿಂದ ಹೊಡೆಯುತ್ತ ಬನ್ನಿ. ಒಂದೇ ಕಡೆ ಹೊಡೆದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಹಬ್ ಬಂದ ಮೇಲೆ ಆಕ್ಸಲ್ ಶಾಫ್ಟನ್ನು ಕೈಯಲ್ಲಿ ಎತ್ತಿ ಹಿಡಿದು ಎಳೆಯಿರಿ, ಒಳಗಿನ ಆಯಿಲ್ ಸೀಲ್ ಮೇಲೆ ಉಜ್ಜಬಾರದು. ಹೊರಬಂದ ಶಾಫ್ಟಿನ ಯು-ಜಾಯಿಂಟ್, ನಮ್ಮ ಕಡೆ ಕ್ರಾಸ್ ಅನ್ನುತ್ತೇವಲ್ಲ, ಅದನ್ನೂ ಮಡಿಸಿ ನೋಡಿ. ಗರಗರ ಅಂದರೆ, ಎಲ್ಲಾದರೂ ಹಿಡಿದುಕೊಂಡರೆ ಈಗಲೇ ಬದಲಿಸಿ. ಇದಕ್ಕೋಸ್ಕರ ಇಷ್ಟೆಲ್ಲ ಮತ್ತೆ ಯಾರು ಬಿಚ್ಚುತ್ತಾರೆ ಹೇಳಿ.

ಶಾಫ್ಟಿನ ಮೇಲೆ ನಕಲ್ ಕಡೆಗೆ ಒಂದು ವ್ಯಾಕ್ಯೂಮ್ ಸೀಲ್ ಇರುತ್ತದೆ. ಆಟೋ ಹಬ್ ಇರುವ ಗಾಡಿಯಲ್ಲಿ ಹಬ್ ಲಾಕ್ ಆಗುವುದು ವ್ಯಾಕ್ಯೂಮ್‌ನಿಂದ. ಆ ಸೀಲ್ ಹಳೆಯದನ್ನೇ ಹಾಕಿದರೆ ಬಾಲ್ ಜಾಯಿಂಟ್ ಕೆಲಸ ಚೆನ್ನಾಗಿ ಆಗಿರುತ್ತದೆ, ಹಿಮದಲ್ಲಿ ಫೋರ್ ವೀಲ್ ಮಾತ್ರ ಹಿಡಿಯುವುದಿಲ್ಲ. ಬಾಲ್ ಜಾಯಿಂಟ್ ತರುವಾಗಲೇ ಎರಡೂ ಕಡೆಯ ಸೀಲ್ ತಂದುಬಿಡಿ.

ಈಗ ಟೈರಾಡ್ ಬಿಡಿಸಿ. ಬಾಲ್ ಜಾಯಿಂಟಿನ ಮೇಲಿನ, ಕೆಳಗಿನ ನಟ್ಟು ಸಡಿಲಿಸಿ, ಆದರೆ ಕೆಲವು ಸುತ್ತು ಉಳಿಸಿ. ಪೂರ್ತಿ ತೆಗೆದು ಹೊಡೆದರೆ ಅಷ್ಟು ಭಾರದ ನಕಲ್ ಸೀದಾ ಕಾಲ ಮೇಲೆ ಬೀಳುತ್ತದೆ. ಸುತ್ತಿಗೆ ಏಟು ಬೋಲ್ಟಿನ ಮೇಲೆ ಬೇಡ, ಯೋಕ್‌ನ ಪಕ್ಕಕ್ಕೆ, ಬೋಲ್ಟ್ ಹಾದುಹೋಗುವ ದಪ್ಪ ಜಾಗಕ್ಕೆ ಹೊಡೆಯಿರಿ. ಆ ನಡುಕಕ್ಕೆ ಬೆಣೆಯ ಹಾಗೆ ಕಚ್ಚಿಕೊಂಡ ಟೇಪರ್ ಬಿಟ್ಟುಕೊಳ್ಳುತ್ತದೆ. ಕನ್ನಡಕ ಹಾಕಿಕೊಳ್ಳಿ, ಬಿಡುವಾಗ ಗುಂಡು ಹಾರಿದಂಥ ಸದ್ದು ಬರುತ್ತದೆ. ಯೋಕ್‌ನ ಮೇಲಿನ ತೂತಿನಲ್ಲಿ ಸೀಳಿದ ಒಂದು ಬುಶ್, ಅಂದರೆ ಲೋಹದ ಚಿಕ್ಕ ಕೊಳವೆ, ಸಿಗುತ್ತದೆ. ಕ್ಯಾಂಬರ್, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ, ನಿರ್ಧಾರವಾಗುವುದು ಅದು ಯಾವ ಕಡೆಗೆ ತಿರುಗಿ ಕೂತಿದೆ ಅನ್ನುವುದರ ಮೇಲೆ. ಕೀಳುವ ಮೊದಲೇ ಪೇಂಟಿನಲ್ಲಿ ಗುರುತು ಹಾಕಿ, ಒಂದು ಫೋಟೋನೂ ತೆಗೆದುಕೊಳ್ಳಿ.

ನಕಲ್ ಕೈಗೆ ಬಂದರೆ ಅರ್ಧ ಗೆದ್ದಂತೆ. ಕೆಳಗಿನ ಜಾಯಿಂಟಿನ ಸರ್ಕ್ಲಿಪ್ ತೆಗೆಯಿರಿ, ಅದನ್ನು ಮರೆತು ಪ್ರೆಸ್ ತಿರುಗಿಸಿದರೆ ಪ್ರೆಸ್ಸೇ ಮುರಿಯುತ್ತದೆ. ಹಳೆಯದನ್ನು ಹೊರಡಿಸಿ, ತೂತನ್ನು ವೈರ್ ಬ್ರಷ್‌ನಿಂದ ಹೊಳೆಯುವ ಹಾಗೆ ಉಜ್ಜಿ, ಮೊದಲು ಕೆಳಗಿನದನ್ನೇ ಕೂರಿಸಿ. ಜಾಯಿಂಟ್ ನೇರವಾಗಿ ಹೋಗುತ್ತಿದೆಯಾ ಅಂತ ಅರ್ಧ ಅರ್ಧ ಸುತ್ತಿಗೂ ನೋಡಿ. ಓರೆ ಕಂಡರೆ ಹಿಂದಕ್ಕೆ ತೆಗೆದು ಮತ್ತೆ ಹಚ್ಚಿ. ಸುತ್ತಿಗೆಯಿಂದ ಬಡಿದು ಕೂರಿಸಬೇಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ. ಬಡಿದು ಕೂರಿಸಿದ ಹೊಸ ಜಾಯಿಂಟು ಬೇಗ ಆಟ ಕೊಡುತ್ತದೆ, ಜನ ಕಂಪನಿಯನ್ನು ಬೈಯುತ್ತಾರೆ.

ಇನ್ನು ಬಿಗಿಸುವುದು. ನನ್ನ ಇಷ್ಟು ಮಾತಿನಲ್ಲಿ ಒಂದೇ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ. ನಕಲ್ ಯೋಕ್‌ಗೆ ಸೇರಿಸಿದ ಮೇಲೆ ಮೊದಲು ಕೆಳಗಿನ ನಟ್ಟು, ಹಗುರವಾಗಿ. ಆಮೇಲೆ ಮೇಲಿನದು, ಪೂರ್ತಿ. ಕೊನೆಗೆ ಮತ್ತೆ ಕೆಳಗಿನದು, ಪೂರ್ತಿ. ಮೂರು ಹಂತಕ್ಕೂ ಮ್ಯಾನ್ಯುಯಲ್‌ನಲ್ಲಿ ಅಂಕಿ ಇದೆ, ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದೆ ಇದನ್ನು ಮಾಡಬೇಡಿ. ಮೊದಲೇ ಮೇಲಿನದನ್ನು ಬಿಗಿದರೆ ಎರಡು ಜಾಯಿಂಟೂ ಒಂದನ್ನೊಂದು ಎಳೆದುಕೊಂಡು ಕೂರುತ್ತವೆ. ಸ್ಟೀರಿಂಗ್ ಗಡುಸಾಗುತ್ತದೆ, ತಿರುವು ಮುಗಿದ ಮೇಲೆ ತಾನಾಗಿ ನಡುವಿಗೆ ಬರುವುದಿಲ್ಲ, ಜಾಯಿಂಟಿನ ಆಯಸ್ಸೂ ಕಡಿಮೆ. ನಟ್ಟು ಸಡಿಲಾಗದಂತೆ ಹಾಕುವ ಕಾಟರ್ ಪಿನ್ನಿನ ತೂತು ಸರಿಹೋಗದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿಸಿ ಹೊಂದಿಸಿ, ಹಿಂದಕ್ಕೆ ಸಡಿಲಿಸಬೇಡಿ. ಬಿಗಿಸಿದ ಮೇಲೆ ನಕಲ್ ಕೈಯಲ್ಲಿ ಆ ಕಡೆ ಈ ಕಡೆ ತಿರುಗಿಸಿ. ಹೊಸದು ಸ್ವಲ್ಪ ಬಿಗಿ ಇರುತ್ತದೆ, ಆದರೆ ಒಂದೇ ಸಮ ತಿರುಗಬೇಕು, ನಡುವೆ ಎಲ್ಲೂ ಹಿಡಿಯಬಾರದು.

ಹಬ್ ಕೂರುವ ಜಾಗಕ್ಕೆ ತೆಳ್ಳಗೆ ಆಂಟಿ-ಸೀಜ್, ಅಂದರೆ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್, ಹಚ್ಚಿ ಜೋಡಿಸಿ. ಮುಂದೆ ಆ ಹಬ್ ಬಿಚ್ಚುವವರು ನಿಮ್ಮನ್ನು ಹರಸುತ್ತಾರೆ. ಎರಡೂ ಕಡೆ ಮುಗಿದ ಮೇಲೆ ನಿಧಾನವಾಗಿ ಓಡಿಸಿಕೊಂಡು ಹೋಗಿ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿಪಡಿಸುವ ಕೆಲಸ, ಮಾಡಿಸಿ. ಆ ಒಂದು ಕೆಲಸಕ್ಕೆ ಗ್ಯಾರೇಜಿನ ದುಡ್ಡು ಕೊಡಲೇಬೇಕು.

ಪ್ರಶ್ನೆ: ಗ್ರೀಸ್ ನಿಪ್ಪಲ್ ಇರುವ ಬಾಲ್ ಜಾಯಿಂಟ್ ಒಳ್ಳೆಯದಾ, ಸೀಲ್ ಆಗಿ ಬರುವುದಾ? ಟೆಕ್ಸಾಸ್‌ನಲ್ಲಿದ್ದೇನೆ, ಹಳೆ ಡಾಜ್ ರಾಮ್ ಇದೆ.

ಉತ್ತರ: ಗ್ರೀಸ್ ಗನ್ ಹಿಡಿಯುವ ಅಭ್ಯಾಸ ಇದ್ದರೆ ನಿಪ್ಪಲ್ ಇರುವುದನ್ನು ತೆಗೆದುಕೊಳ್ಳಿ. ಹೊಸ ಗ್ರೀಸ್ ಹೋದಾಗ ಒಳಗಿನ ನೀರು, ಧೂಳು ಹೊರಬರುತ್ತದೆ. ಅಭ್ಯಾಸ ಇಲ್ಲದಿದ್ದರೆ ಸೀಲ್ ಆಗಿರುವುದೇ ಸರಿ. ನಿಪ್ಪಲ್ ಇದ್ದೂ ಗ್ರೀಸ್ ಕಾಣದ ಜಾಯಿಂಟ್ ಎಲ್ಲದಕ್ಕಿಂತ ಬೇಗ ಹೋಗುತ್ತದೆ. ಮೂಗ್, ಸ್ಪೈಸರ್ ಎರಡೂ ನಂಬಬಹುದಾದ ಹೆಸರು. ನಾಲ್ಕೂ ಸೇರಿ ಒಂದು ಊಟದ ಬೆಲೆಗೆ ಬರುವ ಸೆಟ್ ಮಾತ್ರ ಬೇಡ. ನಿಪ್ಪಲ್ ಇರುವುದಕ್ಕೆ ಗಾಡಿ ನೆಲಕ್ಕಿಳಿಸುವ ಮೊದಲೇ ಗ್ರೀಸ್ ಹೊಡೆಯಿರಿ. ರಬ್ಬರ್ ಬೂಟ್ ಉಬ್ಬಲು ಶುರುವಾದರೆ ನಿಲ್ಲಿಸಿ, ಹರಿದರೆ ಹೊಸ ಜಾಯಿಂಟೂ ಹಾಳು.

ಪ್ರಶ್ನೆ: ನಮ್ಮದು ದಾವಣಗೆರೆ. ಅಪ್ಪನ ಕಾಲದ ಟಾಟಾ 407 ಇದೆ. ಸ್ಟೀರಿಂಗ್ ತುಂಬಾ ಆಡುತ್ತದೆ. ಬಾಲ್ ಜಾಯಿಂಟ್ ಹಾಕಿಸಿದರೂ ಸರಿಹೋಗಲಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಮೆಕ್ಯಾನಿಕ್ ಹಾಕಿರುವುದು ಟೈರಾಡ್ ತುದಿಯ ಬಾಲ್ ಜಾಯಿಂಟ್ ಇರಬೇಕು ತಾಯಿ. 407ರ ಮುಂದೆ ಇರುವುದು ಐ-ಬೀಮ್ ಆಕ್ಸಲ್, ಅದರಲ್ಲಿ ಚಕ್ರ ಎಡಕ್ಕೆ ಬಲಕ್ಕೆ ತಿರುಗುವುದು ಕಿಂಗ್‌ಪಿನ್ ಅನ್ನುವ ದಪ್ಪ ಉಕ್ಕಿನ ಪಿನ್ನಿನ ಮೇಲೆ, ಬಾಲ್ ಜಾಯಿಂಟ್ ಮೇಲಲ್ಲ. ಮೇಲೆ ಹೇಳಿದ ಹಾಗೆ ಗಾಡಿ ಎತ್ತಿ, ಬ್ರೇಕ್ ತುಳಿಸಿಕೊಂಡು ಚಕ್ರ ಮೇಲೆ ಕೆಳಗೆ ಆಡಿಸಿ ನೋಡಿ. ಆಗಲೂ ಆಟ ಇದ್ದರೆ ಕಿಂಗ್‌ಪಿನ್, ಬುಶ್ ಸವೆದಿವೆ. ಇದನ್ನು ಮನೆಯಲ್ಲಿ ಮಾಡಿಸಿ ಅಂತ ನಾನು ಹೇಳುವುದಿಲ್ಲ. ಹೊಸ ಬುಶ್ ಕೂರಿಸಿದ ಮೇಲೆ ಮೇಲಿನದೂ ಕೆಳಗಿನದೂ ಒಂದೇ ನೇರಕ್ಕೆ ಬರುವಂತೆ ರೀಮರ್ ಹೊಡೆಯಬೇಕು, ಅಂದರೆ ತೂತನ್ನು ಅಳತೆಗೆ ಕೊರೆದು ನಯ ಮಾಡಬೇಕು. ಅದು ಕೈ ಪಳಗಿದ ಲೇತ್‌ನವರ ಕೆಲಸ. ಪಿನ್ನು, ಬುಶ್ಶು, ಥ್ರಸ್ಟ್ ಬೇರಿಂಗ್, ಶಿಮ್ ಎಲ್ಲ ಸೇರಿದ ಕಿಟ್ಟನ್ನೇ ತನ್ನಿ, ಹಳೆ ಥ್ರಸ್ಟ್ ಬೇರಿಂಗ್ ತೊಳೆದು ಹಾಕಲು ಬಿಡಬೇಡಿ. ಆಮೇಲೆ ಗ್ರೀಸ್ ಹೊಡೆಸುವಾಗಲೆಲ್ಲ ಮುಂದಿನ ಆಕ್ಸಲ್ ಜಾಕ್ ಕೊಟ್ಟು ಎತ್ತಿಸಿ. ಚಕ್ರ ನೆಲದ ಮೇಲಿದ್ದರೆ ಭಾರಕ್ಕೆ ಸಂದಿ ಮುಚ್ಚಿಕೊಂಡಿರುತ್ತದೆ, ಗಾಡಿಯ ಭಾರ ಹೊರುವ ಥ್ರಸ್ಟ್ ಬೇರಿಂಗಿನ ತನಕ ಗ್ರೀಸ್ ಸರಿಯಾಗಿ ಹೋಗುವುದಿಲ್ಲ. ಸರ್ವಿಸ್ ಸ್ಟೇಷನ್‌ನವರು ಬೇಡ ಅಂದರೂ ನಿಂತು ಮಾಡಿಸಿಕೊಳ್ಳಿ.