‘ಎದ್ದು ನಿಲ್ರಿ’ ಅಂದ ಭಾನುವಾರ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಒಬ್ಬರು ನನ್ನ ಹತ್ತಿರ ಸಲಹೆಗೆ ಬಂದವರು. ಇನ್ನೊಬ್ಬರ ಜೊತೆ ನಾನು ಮಾತಾಡಿದ್ದು ಒಂದೇ ಸಲ, ಅದೂ ಫೋನಿನಲ್ಲಿ. ಇಬ್ಬರೂ ಒಪ್ಪಿಗೆ ಕೊಟ್ಟ ಮೇಲೆ ಬರೆಯುತ್ತಿದ್ದೇನೆ. ಗುರುತು ಹಿಡಿಯುವಂಥ ವಿವರಗಳನ್ನು ಬದಲಿಸಿದ್ದೇನೆ.

ಬಂದವರು ಕಲಬುರಗಿಯ ಒಬ್ಬ ಶಿಕ್ಷಕಿ. ವಯಸ್ಸು 55ರ ಆಸುಪಾಸು. ನಮ್ಮ ಕಡೆ ಶಾಲೆ ಮೇಡಂಗೆ ಅಕ್ಕೋರು ಅಂತೀವಿ, ಇಲ್ಲೂ ಹಾಗೇ ಕರೆಯುತ್ತೇನೆ. ಎರಡು ತಿಂಗಳಿಂದ ನಿದ್ದೆ ಇಲ್ಲ, ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ, ಆಮೇಲೆ ಎಷ್ಟು ಹೊರಳಾಡಿದರೂ ಕಣ್ಣು ಹತ್ತಲ್ಲ ಅಂದರು. ಬಿಪಿ, ಥೈರಾಯ್ಡ್ ಎಲ್ಲ ಡಾಕ್ಟರ್ ನೋಡಿದ್ದರು, ಏನೂ ಸಿಕ್ಕಿರಲಿಲ್ಲ. "ಚಿಂತಿ ಏನರ ಅದ ಏನ್ರಿ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಕೂತರು. ಆಮೇಲೆ ಅಂದರು: "ಒಬ್ಬ ಹುಡುಗಿನ ನಾ ದೇವರ ಮನಿಯಿಂದ ಓಡಿಸಿಬಿಟ್ಟೀನ್ರಿ."

ದೇವರ ಮನಿ ಅಂದರೆ ಅವರ ಚರ್ಚು. ಅಕ್ಕೋರು ಸಣ್ಣದೊಂದು ಲೂಥರನ್ ಸಭೆಯವರು. ಲೂಥರನ್, ಮೆಥಡಿಸ್ಟ್ ಎರಡೂ ಪ್ರೊಟೆಸ್ಟಂಟ್ ಕ್ರೈಸ್ತರ ಪಂಗಡಗಳು. ಬೀದರ್, ಕಲಬುರಗಿ, ಯಾದಗಿರಿ ಕಡೆ ಕ್ರೈಸ್ತರೆಂದರೆ ಜಾಸ್ತಿ ಮೆಥಡಿಸ್ಟರೇ. ಲೂಥರನ್ನರು ಬೇರೆ ಕಡೆಯಿಂದ ಕೆಲಸಕ್ಕಾಗಿ ಬಂದ ಕೆಲವೇ ಮನೆಯವರು. ಅಕ್ಕೋರ ಅಪ್ಪ ರೈಲ್ವೆಯಲ್ಲಿದ್ದು ಗುಂಟೂರು ಕಡೆಯಿಂದ ವಾಡಿ ಜಂಕ್ಷನ್‌ಗೆ ವರ್ಗವಾಗಿ ಬಂದವರು. ಗುಂಟೂರಿನಲ್ಲಿ ಲೂಥರನ್ ಮಿಷನ್ ಕೆಲಸ ಶುರುವಾಗಿದ್ದು 1842ರಲ್ಲಿ. ಅಲ್ಲಿ ಅದು ಅಜ್ಜ-ಮುತ್ತಜ್ಜರ ಕಾಲದ ಸಭೆ. ಇಲ್ಲಿ ಹಾಗಲ್ಲ. ಒಂದು ಕಾಲಕ್ಕೆ 30 ಮನೆ ಇದ್ದವಂತೆ, ಈಗ 19. ಹುಡುಗರೆಲ್ಲ ಹೈದರಾಬಾದ್, ಬೆಂಗಳೂರು, ಪುಣೆ ಸೇರಿಬಿಟ್ಟಿದ್ದಾರೆ. ಹೊಸಬರನ್ನು ಬಾಗಿಲಲ್ಲಿ ಬರಮಾಡಿಕೊಳ್ಳುವ ಕೆಲಸ ಹದಿನೈದು ವರ್ಷದಿಂದ ಅಕ್ಕೋರದ್ದು.

ಆ ಭಾನುವಾರ ಏನಾಯಿತು ಅಂತ ಅವರು ಮೊದಲ ಸಲ ಹೇಳಿದಾಗ ಎರಡೇ ವಾಕ್ಯದಲ್ಲಿ ಮುಗಿಸಿದರು. ಒಬ್ಬ ನರ್ಸ್ ಬಂದಿದ್ದಳು, ಬೇಜಾರಾಗಿ ಹೋದಳು. ನಾನು ನಿಧಾನಕ್ಕೆ, ಬಾಗಿಲಿಂದ ಶುರುಮಾಡಿ, ಒಂದೊಂದೇ ಹೇಳಿ ಅಂದೆ. ತಪ್ಪಿನ ಭಾರ ಹೊತ್ತು ಬಂದವರಿಗೆ ನಾನು ಯಾವಾಗಲೂ ಹೀಗೇ ಕೇಳುತ್ತೇನೆ. ಒಟ್ಟಾಗಿ ಹೊತ್ತ ಭಾರ ಬಿಡಿಬಿಡಿಯಾಗಿ ಕಂಡರೆ ಯಾವುದು ತಮ್ಮದು, ಯಾವುದು ಅಲ್ಲ ಅಂತ ಗೊತ್ತಾಗುತ್ತದೆ.

ಹುಡುಗಿ ಔರಾದ್ ಕಡೆಯ ಹಳ್ಳಿಯವಳು. ಮೂವತ್ತರ ಒಳಗಿನ ವಯಸ್ಸು. ಕಲಬುರಗಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸ. ಮೆಥಡಿಸ್ಟ್ ಮನೆತನ. ಎರಡು ಭಾನುವಾರ ಬಂದು ಹಿಂದಿನ ಬೆಂಚಿನಲ್ಲಿ ಕೂತು, ಆಶೀರ್ವಾದ ಮುಗಿದ ಕೂಡಲೇ ಹೋಗಿದ್ದಳು. ಎರಡೂ ಸಲ ಅಕ್ಕೋರು ಮದುವೆ, ಊರು ಅಂತ ಓಡಾಟದಲ್ಲಿದ್ದರು. ಮೂರನೇ ಭಾನುವಾರ ಅವರೇ ಬಾಗಿಲಲ್ಲಿದ್ದರು. ಹೆಸರು ಕೇಳಿದರು. ಊರು ಕೇಳಿದರು. "ಮನಿಯವರು ಬರಲಿಲ್ಲೇನವಾ?" ಅಂದರು. ಹುಡುಗಿ "ಇಲ್ರಿ" ಅಂದಳು, ಅಷ್ಟೇ. ಪ್ರಕಟಣೆಯ ಹೊತ್ತಿಗೆ ಅಕ್ಕೋರು ಮೈಕ್ ಹಿಡಿದು "ಎದ್ದು ನಿಲ್ರಿ" ಅಂತ ಅವಳನ್ನು ಎಬ್ಬಿಸಿದರು. ಹೆಸರು, ಊರು, ಕೆಲಸ ಹೇಳಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಲು ಹೊದಿಸಿ ಫೋಟೋ ತೆಗೆದು ಸಭೆಯ ವಾಟ್ಸಾಪ್ ಗುಂಪಿಗೆ ಹಾಕಿದರು.

ಅವತ್ತು ಪ್ರಭು ಭೋಜನ ಇತ್ತು, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ-ದ್ರಾಕ್ಷಾರಸ ಹಂಚುವ ವಿಧಿ. ಸಾಲು ಎದ್ದಾಗ ಅವಳೂ ಎದ್ದಳು. ಮುಂದಿನವರ ಹಿಂದೆ ನಡೆದುಕೊಂಡು ಬಂದಳು. ಪೀಠದ ಹತ್ತಿರ ಬಂದಾಗ ಒಬ್ಬ ಸಭಾಹಿರಿಯರು ಕೈ ಅಡ್ಡ ಹಿಡಿದು ಮೆಲ್ಲಗೆ ಏನೋ ಹೇಳಿದರು. ಅವಳು ಒಬ್ಬಳೇ, ಎಲ್ಲರೂ ಮುಂದೆ ಬರುತ್ತಿರುವಾಗ ಅವರನ್ನು ದಾಟಿಕೊಂಡು ವಾಪಸ್ ಬೆಂಚಿಗೆ ಹೋದಳು. ಆಶೀರ್ವಾದಕ್ಕೆ ತಲೆ ಬಗ್ಗಿಸಿ ಎತ್ತಿದಾಗ ಅಕ್ಕೋರು ಹಿಂದೆ ತಿರುಗಿ ನೋಡಿದರು. ಬೆಂಚಿನ ಮೇಲೆ ಶಾಲು ಮಡಚಿ ಇಟ್ಟಿತ್ತು. ಪಕ್ಕದಲ್ಲಿ ಆರಾಧನಾ ಪುಸ್ತಕ. ಅವಳಿರಲಿಲ್ಲ.

"ಪುಸ್ತಕ ಯಾವ ಪುಟಕ್ಕಿತ್ತು?" ಅಂತ ಕೇಳಿದೆ. ಯಾಕೆ ಕೇಳಿದೆನೋ ನನಗೇ ಗೊತ್ತಿಲ್ಲ. ಅಕ್ಕೋರಿಗೆ ನೆನಪಿತ್ತು. ಅದು ತೆಲುಗು ಕೀರ್ತನೆಗಳ ಪುಟ. ಅವರ ಪುಸ್ತಕದಲ್ಲಿ ಮುಂದೆ ಕನ್ನಡ ಕ್ರಮ, ಹಿಂದೆ ತೆಲುಗು ಹಾಡು. ಹೊಲಿಗೆ ಬಿಚ್ಚಿ ಪುಟ ಹಿಂದುಮುಂದಾಗಿದೆ. ಸಭೆಯವರಿಗೆಲ್ಲ ಬಾಯಿಪಾಠ, ಯಾರೂ ಪುಸ್ತಕ ನೋಡುವುದಿಲ್ಲ. ಅಂದರೆ ಆ ಹುಡುಗಿ ಒಂದೂವರೆ ಗಂಟೆ ಪುಟ ಹುಡುಕುತ್ತಲೇ ಕೂತಿದ್ದಳು.

"ಆಗ ನೀವು ಎಲ್ಲಿ ಕೂತಿದ್ರಿ?"

"ಮುಂದಿನ ಸಾಲಿನಾಗ್ರಿ. ನಾ ಯಾವಾಗಲೂ ಅಲ್ಲೇ."

ಇದನ್ನು ಹೇಳಿ ಅವರು ಸುಮ್ಮನಾದರು. ಅವತ್ತಿನ ಮಾತುಕತೆಯನ್ನು ನಾನು ಅಲ್ಲಿಗೇ ಬಿಟ್ಟೆ.

ಎರಡನೇ ಸಲ ಬಂದಾಗ ಮೊದಲ ದಿನ ಬಿಟ್ಟಿದ್ದನ್ನು ಹೇಳಿದರು. ಆ ವಾರ ಹುಡುಗಿಗೆ ಹನ್ನೊಂದು ಮೆಸೇಜ್ ಕಳಿಸಿದ್ದರು. ಉತ್ತರ ಬರಲಿಲ್ಲ. ಆಮೇಲೆ ಅವಳು ಕೆಲಸ ಮಾಡುವ ಆಸ್ಪತ್ರೆಗೇ ಹೋಗಿ, ರಿಸೆಪ್ಷನ್‌ನಲ್ಲಿ ಹೆಸರು ಹೇಳಿ, "ನಮ್ಮ ಚರ್ಚಿಗಿ ಬರೋ ಹುಡುಗಿ" ಅಂತ ಕರೆಸಿದ್ದರು. ಹುಡುಗಿ ಡ್ಯೂಟಿಯಲ್ಲಿದ್ದೀನಿ ಅಂತ ಹೇಳಿ ಕಳಿಸಿದಳು.

ಇಲ್ಲಿ ನಾನು ಮೆತ್ತಗೆ ಮಾತಾಡಲಿಲ್ಲ. ಆಸ್ಪತ್ರೆಗೆ ಹೋಗಿದ್ದು ತಪ್ಪು ಅಂತ ನೇರ ಹೇಳಿದೆ. ಒಬ್ಬಳ ಕೆಲಸದ ಜಾಗದಲ್ಲಿ ಅವಳ ಮತದ ವಿಷಯ ನಾವು ಬಾಯಿ ಬಿಡಬಾರದು. ನಮ್ಮ ಮನಸ್ಸಿನಲ್ಲಿ ಪ್ರೀತಿ ಇದ್ದರೂ ಅಲ್ಲಿ ಕೇಳಿಸಿಕೊಂಡವರ ಮನಸ್ಸಿನಲ್ಲಿ ಏನಿರುತ್ತದೋ ಯಾರಿಗೆ ಗೊತ್ತು? ಅಕ್ಕೋರು ಅತ್ತರು. ಆಮೇಲೆ ಒಂದು ಮಾತು ಅಂದರು. ಇಡೀ ಪ್ರಕರಣದ ಗಂಟು ಅದರಲ್ಲೇ ಇತ್ತು ಅಂತ ನನಗನಿಸುತ್ತದೆ. "ಆಕಿ ಒಳಗ ಬಂದಾಗ ನಾ ಎಣಿಸಿದೆ ರೀ. ಇಪ್ಪತ್ತನೇ ಮನಿ ಆಯ್ತು ಅಂತ."

ಕಡಿಮೆಯಾಗುತ್ತಿರುವ ಸಭೆಯ ನೋವು ಸಣ್ಣದಲ್ಲ. ಅಪ್ಪ-ಅಮ್ಮನ ಕಾಲದಿಂದ ಕಾಪಾಡಿಕೊಂಡು ಬಂದದ್ದು ಕಣ್ಣೆದುರೇ ಕರಗುವಾಗ ಬಾಗಿಲಿಗೆ ಬಂದ ಯಾರೇ ಆದರೂ ದೇವರೇ ಕಳಿಸಿದ ಹಾಗೆ ಕಾಣುತ್ತಾರೆ. ಆದರೆ ಬಂದವಳು ನಮ್ಮ ಲೆಕ್ಕ ತುಂಬಿಸಲು ಬಂದಿರುವುದಿಲ್ಲ. ಅವಳದ್ದೇ ಒಂದು ಕಾರಣ ಇರುತ್ತದೆ. ಅದು ಏನು ಅಂತ ತಿಳಿಯಲು ಅಕ್ಕೋರು ಅವಕಾಶವನ್ನೇ ಕೊಟ್ಟಿರಲಿಲ್ಲ. ಇದನ್ನು ಅವರಿಗೆ ಇದೇ ಮಾತಲ್ಲಿ ಹೇಳಿದೆ.

ಅವರು ಒಪ್ಪಲು ಸಮಯ ಬೇಕಾಯಿತು. "ನಮ್ಮಪ್ಪ ಬಂದಾಗನೂ ಎದ್ದು ನಿಲ್ಲಿಸಿ ಹಾರ ಹಾಕಿದ್ರು. ಅವರು ಸಾಯೋತನಕ ಅದನ್ನ ಹೇಳ್ತಿದ್ರು" ಅಂತ ವಾದ ಮಾಡಿದರು. ನಿಜ. ಆದರೆ ಅವರಪ್ಪ ಸರ್ಕಾರಿ ನೌಕರಿಯವರು, ಹೆಂಡತಿ-ಮಕ್ಕಳ ಜೊತೆ ಬಂದವರು. ಗುರುತಿಲ್ಲದ ಊರಲ್ಲಿ ನಾಲ್ಕು ಜನ ಹೆಸರು ಹಿಡಿದು ಕರೆಯಲಿ ಅಂತ ಆಸೆಪಟ್ಟವರು. ಒಬ್ಬಳೇ ಬಂದು, ಎರಡು ವಾರ ಹಿಂದಿನ ಬೆಂಚು ಆರಿಸಿಕೊಂಡ ಹೆಣ್ಣುಮಗಳಿಗೆ ಹೆಸರು ಹೇಳಿಸಿಕೊಳ್ಳುವ ಮನಸ್ಸು ಇತ್ತಾ? ಹಿಂದಿನ ಬೆಂಚೇ ಅವಳ ಉತ್ತರ ಆಗಿತ್ತು, ಅಲ್ವಾ?

"ನಿಮ್ಮ ಮನಿಗೆ ಬಿಸಲಾಗ ಯಾರರ ಬಂದ್ರ ಮೊದಲು ಏನ್ ಮಾಡ್ತೀರಿ?" ಅಂತ ಕೇಳಿದೆ.

"ನೀರ ಕೊಡ್ತೀವ್ರಿ. ತಂಬಿಗಿ ತುಂಬ."

"ಮಾತು?"

"ನೀರ ಕುಡಿದ ಮ್ಯಾಲ."

ಮೇ ತಿಂಗಳ ಕಲಬುರಗಿಯಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುವುದುಂಟು. ಅಂಥ ಬಿಸಿಲಲ್ಲಿ ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸಿ ಗಂಡ ಎಲ್ಲಿ ಅಂತ ಕೇಳುವವರು ನಮ್ಮಲ್ಲಿ ಯಾರೂ ಇಲ್ಲ. ಅಕ್ಕೋರಿಗೆ ಬರಮಾಡಿಕೊಳ್ಳುವುದನ್ನು ಹೊಸದಾಗಿ ಕಲಿಸಬೇಕಿರಲಿಲ್ಲ. ಮನೆಯಲ್ಲಿ ಮಾಡುವುದನ್ನೇ ಚರ್ಚಿನ ಬಾಗಿಲಲ್ಲೂ ಮಾಡಿ ಅಂದೆ.

ಪ್ರಭು ಭೋಜನದ ವಿಷಯವನ್ನು ಮಾತ್ರ ಬೇರೆಯಾಗಿ ತೆಗೆದಿಟ್ಟೆ. ಮೆಥಡಿಸ್ಟ್ ಸಭೆಗಳಲ್ಲಿ ಆ ಮೇಜು ಸಾಮಾನ್ಯವಾಗಿ ಎಲ್ಲ ವಿಶ್ವಾಸಿಗಳಿಗೂ ತೆರೆದಿರುತ್ತದೆ. ಅವಳು ಅಲ್ಲೇ ಬೆಳೆದವಳು. ಎದ್ದು ಬಂದದ್ದು ಸಹಜ. ಲೂಥರನ್ನರಲ್ಲಿ ಪದ್ಧತಿ ಒಂದೇ ಥರ ಇಲ್ಲ. ಕೆಲವು ಸಭೆಗಳು ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆದವರನ್ನೆಲ್ಲ ಕರೆಯುತ್ತವೆ. ಕೆಲವು ಸಭೆಗಳಲ್ಲಿ ಅದೇ ಬೋಧನೆ ಒಪ್ಪಿಕೊಂಡವರಿಗೆ ಮಾತ್ರ, ಅದೂ ಪಾಸ್ಟರ್ ಜೊತೆ ಮಾತಾಡಿದ ಮೇಲೆ. ರೊಟ್ಟಿ-ದ್ರಾಕ್ಷಾರಸದಲ್ಲಿ ಕ್ರಿಸ್ತನ ದೇಹ-ರಕ್ತ ನಿಜವಾಗಿಯೇ ಇದೆ ಅನ್ನುವುದು ಅವರ ನಂಬಿಕೆ. ತಿಳಿಯದೆ ತಗೊಳ್ಳಬಾರದು ಅನ್ನುವ ಎಚ್ಚರ ಅದರಿಂದಲೇ ಬಂದದ್ದು. ಅಕ್ಕೋರ ಸಭೆ ಎರಡನೇ ಥರದ್ದು. ಅದನ್ನು ಬದಲಿಸಿ ಅನ್ನುವುದು ಸಲಹೆಗಾರಳ ಕೆಲಸ ಅಲ್ಲ. ಅಕ್ಕೋರ ಕೈಯಲ್ಲೂ ಇಲ್ಲ. ಹಾಗಾಗಿ ಆ ನಿಯಮದ ತಪ್ಪೊಪ್ಪನ್ನು ಅವರು ರಾತ್ರಿ ಮೂರಕ್ಕೆ ಎದ್ದು ಹೊರಬೇಕಿಲ್ಲ ಅಂದೆ. ಆದರೆ ಮೊದಲೇ ಹೇಳಬಹುದಿತ್ತು. ಮೈಕ್ ಹಿಡಿದು ಊರು ಕೇಳುವ ಬದಲು ಪಕ್ಕದಲ್ಲಿ ಕೂತು, "ನಮ್ಮಲ್ಲಿ ಭೋಜನಕ್ಕಿಂತ ಮೊದಲು ಪಾಸ್ಟರ್ ಜೊತಿ ಮಾತಾಡೋ ಪದ್ಧತಿ ಅದ" ಅಂತ ಕಿವಿಯಲ್ಲಿ ಹೇಳಿದ್ದರೆ ಆ ನಡಿಗೆ, ಆ ಅಡ್ಡ ಕೈ, ಎರಡೂ ಆಗುತ್ತಿರಲಿಲ್ಲ. ಅಕ್ಕೋರ ಪಾಲು ಇಷ್ಟೇ, ಆದರೆ ಇಷ್ಟಂತೂ ಅವರದ್ದೇ.

ನಂತರ ಮೆಸೇಜ್ ವಿಷಯಕ್ಕೆ ಬಂದೆವು. ಒಂದೇ ಒಂದು ಕಳಿಸಿ, ಅದರಲ್ಲಿ ಪ್ರಶ್ನೆ ಇರಬಾರದು ಅಂದೆ. ಅವರು ಬರೆದು ತಂದದ್ದು ಒಂದು ಪುಟ ಇತ್ತು. ಕೊನೆಗೆ ಬೈಬಲಿನ ಒಂದು ವಚನ, ಅದರ ಕೆಳಗೆ "ಯಾವಾಗ ಬರ್ತೀ?" ಎರಡನ್ನೂ ತೆಗೆಸಿದೆ. ವಚನ ತೆಗೆಯಲು ಅವರಿಗೆ ಕಷ್ಟವಾಯಿತು. ಕ್ಷಮೆ ಕೇಳುವಾಗ ದೇವರನ್ನು ನಮ್ಮ ಪರ ನಿಲ್ಲಿಸಿಕೊಂಡರೆ ಎದುರಿನವರಿಗೆ ಸಿಟ್ಟು ಮಾಡಲೂ ಜಾಗ ಇರುವುದಿಲ್ಲ ಅಂತ ವಿವರಿಸಿದೆ. ಕೊನೆಗೆ ಉಳಿದದ್ದು ಇಷ್ಟು: "ನಿನ್ನನ್ನು ಕೇಳದೆ ಎಲ್ಲರ ಮುಂದೆ ನಿಲ್ಲಿಸಿದೆ. ಕೇಳದೆ ಫೋಟೋ ಹಾಕಿದೆ, ಈಗ ತೆಗೆದಿದ್ದೇನೆ. ಭೋಜನದ ಬಗ್ಗೆ ಮೊದಲೇ ಹೇಳಲಿಲ್ಲ. ಆಸ್ಪತ್ರೆಗೆ ಬಂದೆ. ನಾಲ್ಕೂ ನನ್ನ ತಪ್ಪು. ಉತ್ತರ ಕೊಡಬೇಕು ಅಂತೇನಿಲ್ಲ."

ಒಂಬತ್ತು ದಿನ ಬಿಟ್ಟು ಉತ್ತರ ಬಂತು. ಫೋಟೋ ಗುಂಪಿಂದ ಗುಂಪಿಗೆ ಹೋಗಿ ಊರು ಮುಟ್ಟಿತ್ತು. ಗಂಡನಿಂದ ಬೇರೆಯಾಗಿ ಆರು ತಿಂಗಳಾಗಿತ್ತು. ಎಲ್ಲಿದ್ದಾಳೆ ಅಂತ ಗಂಡನ ಮನೆಯವರಿಗೆ ಹೇಳಿರಲಿಲ್ಲ. ಫೋಟೋ ನೋಡಿ ಮೈದುನ ಫೋನ್ ಮಾಡಿದ್ದ. ಅಕ್ಕೋರು ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟು ತಲೆ ಹಿಡಿದುಕೊಂಡು ಕೂತರು. ಸಮಾಧಾನ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಆಗಿದ್ದು ನಿಜವಾದ ಹಾನಿ. ನಿಮ್ಮ ಉದ್ದೇಶ ಒಳ್ಳೆಯದಿತ್ತು ಅಂತ ಹೇಳಿ ಅದನ್ನು ಒರೆಸಲು ನನಗೆ ಮನಸ್ಸು ಬರಲಿಲ್ಲ. ಹುಡುಗಿಗೆ ಬೇಕಾದರೆ ಅಂತ ಮಹಿಳಾ ಸಹಾಯವಾಣಿ 181ರ ನಂಬರ್ ಮಾತ್ರ ಕಳಿಸಲು ಹೇಳಿದೆ.

ಅಕ್ಕೋರು ಕೇಳಿಕೊಂಡಿದ್ದರಿಂದ ಪಾಸ್ಟರ್ ಅವರೂ ಒಮ್ಮೆ ಬಂದರು. ಚಿಕ್ಕ ವಯಸ್ಸಿನವರು, ಕೇಳಿಸಿಕೊಳ್ಳುವ ಗುಣ ಇರುವವರು. ಹೊಸಬರನ್ನು ಎಬ್ಬಿಸಿ ನಿಲ್ಲಿಸುವುದು ಆರಾಧನಾ ಕ್ರಮದಲ್ಲಿ ಎಲ್ಲೂ ಇಲ್ಲ, ನಾವೇ ಸೇರಿಸಿಕೊಂಡದ್ದು ಅಂತ ಅವರೇ ಅಂದರು. ಎಲ್ಲ ಕಡೆ ಮನುಷ್ಯರು ಮಾಡಿದ ಪದ್ಧತಿ ಒಂದೇ ಥರ ಇರಬೇಕಿಲ್ಲ ಅಂತ ಲೂಥರನ್ನರ ನಂಬಿಕೆಗಳನ್ನು ಬರೆದಿಟ್ಟ 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಮಾಣದಲ್ಲೇ ಇದೆಯಂತೆ. ಈ ಪಂಗಡಕ್ಕೆ ಹೆಸರು ಕೊಟ್ಟ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ 1526ರಲ್ಲಿ ಜರ್ಮನ್ ಭಾಷೆಯಲ್ಲಿ ಆರಾಧನೆ ರೂಪಿಸಿದ್ದೂ ಓದು ಬಾರದ ಸಾಮಾನ್ಯ ಜನರ ಸಲುವಾಗಿ. "ನಮ್ಮ ಪುಸ್ತಕ ನೋಡಿದ್ರ ಅವರಿಗಿ ಸಿಟ್ಟು ಬರ್ತಿತ್ತು" ಅಂದರು. ಆ ಪುಟಗಳು ನಿಜಕ್ಕೂ ಪಾಸ್ಟರ್ ಮನಸ್ಸಿಗೆ ಚುಚ್ಚಿದ್ದವು.

ಆ ತಿಂಗಳೇ ಪುಸ್ತಕಗಳಿಗೆ ಹೊಲಿಗೆ ಹಾಕಿಸಿದರು. ಕನ್ನಡ ಕ್ರಮ ಶುರುವಾಗುವಲ್ಲಿ ಕೆಂಪು ದಾರ ಇಟ್ಟರು. ಭೋಜನದ ಪದ್ಧತಿ ಏನು, ಬೆಂಚಿನಲ್ಲೇ ಕೂತು ಪ್ರಾರ್ಥನೆ ಮಾಡಬಹುದು, ಇಲ್ಲವೇ ಎದೆಗೆ ಕೈ ಕಟ್ಟಿ ಬಂದು ಬರೀ ಆಶೀರ್ವಾದ ಪಡೆಯಬಹುದು ಅಂತ ನಾಲ್ಕು ಸಾಲು ಬರೆದು ಒಳರಟ್ಟಿಗೆ ಅಂಟಿಸಿದರು. ಪಾಸ್ಟರ್ ಅದನ್ನು ಭೋಜನಕ್ಕೆ ಮೊದಲು ಎಲ್ಲರಿಗೂ ಓದುತ್ತಾರೆ, ಹೊಸಬರು ಇರಲಿ ಬಿಡಲಿ. ಯಾರನ್ನೂ ಎಬ್ಬಿಸುವುದಿಲ್ಲ. ಕೇಳದೆ ಫೋಟೋ ಇಲ್ಲ. ಅಕ್ಕೋರಿಗೆ ನಾನು ಕೊಟ್ಟ ಕೆಲಸ ಒಂದೇ: ಮುಂದಿನ ಸಾಲು ಬಿಟ್ಟು ಹಿಂದೆ ಕೂತುಕೊಳ್ಳಿ.

ಈ ಬರಹಕ್ಕೆ ಒಪ್ಪಿಗೆ ಕೇಳಲು ಹುಡುಗಿಗೆ ಫೋನ್ ಮಾಡಿದ್ದೆ. ಹತ್ತು ನಿಮಿಷ ಮಾತಾಡಿದಳು. ಎರಡು ವಾರ ಯಾಕೆ ಹೋಗಿದ್ದೆ ಅಂತ ತಾನಾಗೇ ಹೇಳಿದಳು. ಲೂಥರನ್ ಆರಾಧನೆಯ ಮೊದಲಿಗೇ ಎಲ್ಲರೂ ಸೇರಿ ಪಾಪದ ಅರಿಕೆ ಮಾಡುತ್ತಾರೆ, ಆಮೇಲೆ ಪಾಸ್ಟರ್ ಕ್ಷಮೆಯನ್ನು ಗಟ್ಟಿಯಾಗಿ ಸಾರುತ್ತಾರೆ. "ಊರಾಗ ಎಲ್ಲಾರೂ ನಂದೇ ತಪ್ಪು ಅಂದಿದ್ರು ರೀ. ಅಲ್ಲಿ ಎಲ್ಲಾರೂ ತಮ್ಮ ತಪ್ಪು ಹೇಳ್ಕೋತಿದ್ರು. ಅದನ್ನ ಕೇಳಾಕ ಹೋಗ್ತಿದ್ದೆ."

ನವೆಂಬರ್ ಕೊನೆಗೆ, ಕ್ರಿಸ್ಮಸ್ ಕಾಯುವ ಆಗಮನ ಕಾಲದ ಮೊದಲ ಭಾನುವಾರ, ಅವಳು ಬಂದಳಂತೆ. ಆಮೇಲೆ ತಿಂಗಳಿಗೊಮ್ಮೆ ಬರುತ್ತಾಳೆ, ಕೆಲವು ಸಲ ಬರುವುದಿಲ್ಲ. ಅಕ್ಕೋರು ಯಾಕೆ ಅಂತ ಕೇಳುವುದಿಲ್ಲ. ಅವರಿಗೆ ಈಗಲೂ ಒಮ್ಮೊಮ್ಮೆ ಮೂರಕ್ಕೆ ಎಚ್ಚರವಾಗುತ್ತದೆ, ಆದರೆ ಮತ್ತೆ ನಿದ್ದೆ ಹತ್ತುತ್ತದೆ. ಮೊನ್ನೆ ಭೇಟಿಯಲ್ಲಿ, ಹುಡುಗಿ ಮತ್ತೆ ಬಂದ ಆ ಮೊದಲ ದಿನದ್ದನ್ನು ಹೇಳಿದರು. ಕೊನೆಯ ಬೆಂಚಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತಿದ್ದರು, ಪುಸ್ತಕ ಒಂದೇ. ಭೋಜನಕ್ಕೆ ಸಾಲು ಎದ್ದಾಗ ಹುಡುಗಿ ಏಳಲಿಲ್ಲ. ಅಕ್ಕೋರು ಎದ್ದರು, ಕೈಚೀಲವನ್ನು ಅವಳ ತೊಡೆಯ ಮೇಲಿಟ್ಟರು. "ನೋಡ್ಕೋ ಯವ್ವಾ, ಬರ್ತೀನಿ" ಅಂದರು. ವಾಪಸ್ ಬಂದಾಗ ಅವಳು ಆ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.